ವಾಕಿಂಗ್ ಹೊರಟರೆ "ಶುಗರ್ ಬಂತಾ?" ಅಂತಾರೆ...

ನಮ್ಮ ಕಡೆ, ಅಂದ್ರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ, ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಯ್ತು ಅನ್ನೋ ಸುದ್ದಿ ಬಂದ ಹತ್ತೇ ನಿಮಿಷಕ್ಕೆ ಎರಡು ಪಾರ್ಟಿ ಹುಟ್ಟಿಕೊಳ್ಳುತ್ತವೆ. ಒಂದು ಪಾರ್ಟಿ "ಎಲ್ಲಾದಕ್ಕೂ ಅಷ್ಟಷ್ಟು ಕಾಯಿ ಸುರೀತೀವಲ್ಲ, ಆಗದೆ ಇನ್ನೇನು" ಅನ್ನುತ್ತೆ. ಇನ್ನೊಂದು ಪಾರ್ಟಿ "ನಮ್ಮ ತಾತ ಮೂರೊತ್ತೂ ಕಾಯಿ ತಿಂದು ತೊಂಬತ್ತು ವರ್ಷ ಬದುಕಿರಲಿಲ್ವಾ? ಎಲ್ಲಾ ರಿಫೈನ್ಡ್ ಎಣ್ಣೆ ಕಂಪನಿಯೋರ ಪಿತೂರಿ" ಅನ್ನುತ್ತೆ. ಟೀ ಅಂಗಡಿ ಮುಂದೆ ಅರ್ಧ ಗಂಟೆ ಜಗಳ ಆಗಿ, ಎರಡೂ ಪಾರ್ಟಿಯವರು ಒಂದೊಂದು ಪ್ಲೇಟ್ ಬೋಂಡ ಮುಗಿಸಿ, ಬೈಕ್ ಹತ್ತಿ, ಮುನ್ನೂರು ಮೀಟರ್ ದೂರದ ಮನೆಗೆ ಹೋಗ್ತಾರೆ.

ನನ್ನ ತಕರಾರಿರೋದು ಆ ಮುನ್ನೂರು ಮೀಟರ್ ಬಗ್ಗೆ.

2025ರ ಜೂನ್-ಜುಲೈನಲ್ಲಿ ಈ ಜಗಳ ವಿಪರೀತಕ್ಕೆ ಹೋಗಿತ್ತು. ನೆನಪಿರಬೇಕು ನಿಮಗೆ. ಪಕ್ಕದ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅಂತ ಟೀವಿಯವರು ದಿನಾ ಲೆಕ್ಕ ಕೊಡ್ತಾ ಇದ್ದರು. ತಿಪಟೂರು ದಾಟಿದರೆ ಅರಸೀಕೆರೆ, ತುರುವೇಕೆರೆ ದಾಟಿದರೆ ಚನ್ನರಾಯಪಟ್ಟಣ. ನಮಗೆ ಹಾಸನ ಅಂದ್ರೆ ಬೇರೆ ಜಿಲ್ಲೆ ಅಂತ ಅನ್ನಿಸೋದೇ ಇಲ್ಲ, ಹೆಣ್ಣು ಕೊಟ್ಟು ತಂದಿರೋ ಊರುಗಳು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ ನಿಂತರು. ಜಯದೇವದ ನಿರ್ದೇಶಕರಾಗಿದ್ದ ಡಾ. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ ಅಂತು. ಕಾರಣಗಳ ಪಟ್ಟಿ ನೋಡಿದ್ರೆ ಹಳೇದೇ: ಶುಗರ್, ಬಿಪಿ, ಸಿಗರೇಟು, ಕುಡಿತ, ಬೊಜ್ಜು. ಹಳೇ ಪಟ್ಟಿ ಅಂದ ಕೂಡಲೇ ಸುದ್ದಿ ತಣ್ಣಗಾಯ್ತು. ಹೊಸ ಕಾರಣ ಸಿಕ್ಕಿದ್ರೆ ಇನ್ನೊಂದು ತಿಂಗಳು ಓಡ್ತಿತ್ತೇನೋ.

ಮೊದಲು ತೆಂಗಿನಕಾಯಿ ಕೇಸನ್ನ ಮುಗಿಸಿಬಿಡೋಣ. ಇಲ್ಲಾಂದ್ರೆ ನಮ್ಮ ಕಡೆಯೋರು ಮುಂದಕ್ಕೆ ಓದಲ್ಲ.

ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತೆ. ಇದರಲ್ಲಿ ಅನುಮಾನ ಬೇಡ. 2020ರಲ್ಲಿ ಹದಿನಾರು ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದಾಗ, ಸೂರ್ಯಕಾಂತಿ, ಆಲಿವ್ ಥರದ ಎಣ್ಣೆಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರಲ್ಲಿ ಎಲ್‌ಡಿಎಲ್ ಸುಮಾರು 10 ಪಾಯಿಂಟ್ ಹೆಚ್ಚು ಬಂತು. 2018ರಲ್ಲಿ ಕರಿನ್ ಮಿಷೆಲ್ಸ್ ಅನ್ನೋ ಪ್ರೊಫೆಸರಮ್ಮ ಜರ್ಮನಿಯಲ್ಲಿ ಭಾಷಣ ಮಾಡ್ತಾ ಕೊಬ್ಬರಿ ಎಣ್ಣೆ ಶುದ್ಧ ವಿಷ ಅಂದುಬಿಟ್ಟರು. ನಮ್ಮ ದೇಶದ ತೋಟಗಾರಿಕೆ ಆಯುಕ್ತರು ಅವರ ವಿಶ್ವವಿದ್ಯಾಲಯಕ್ಕೇ ಪತ್ರ ಬರೆದು ಮಾತು ವಾಪಸ್ ತಗೊಳ್ಳಿ ಅಂದರು. ವಿಷ ಅನ್ನೋದು ಅತಿಯಾಯ್ತು, ಅಮೃತ ಅನ್ನೋದೂ ಅತಿಯೇ. ಕರಿಯೋದಕ್ಕೆಲ್ಲ ಕೊಬ್ಬರಿ ಎಣ್ಣೆ ಸುರಿಯೋ ಮನೆಯವರು ಕಡಿಮೆ ಮಾಡಲೇಬೇಕು.

ಆದ್ರೆ ತಮಾಷೆ ಏನಂದ್ರೆ, ಆ ಎಣ್ಣೆಯನ್ನ ನಾವು ತಿನ್ನೋದೇ ಇಲ್ಲ! ಅಡುಗೆಗೆ ಕೊಬ್ಬರಿ ಎಣ್ಣೆ ಹಾಕೋರು ಕರಾವಳಿಯವರು, ಮಲಯಾಳಿಗಳು. ನಮ್ಮಲ್ಲಿ ಹಿಂದೆ ಹುಚ್ಚೆಳ್ಳೆಣ್ಣೆ, ಕಡಲೆಕಾಯಿ ಎಣ್ಣೆ. ಈಗ ಪ್ಯಾಕೆಟ್ ಎಣ್ಣೆ. ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ. ತಿಪಟೂರು ಎಪಿಎಂಸಿಗೆ ಬರೋ ಉಂಡೆ ಕೊಬ್ಬರಿಯ ದೊಡ್ಡ ಪಾಲು ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗಿ ಅಲ್ಲಿನ ಮಿಠಾಯಿ, ಪೂಜೆ, ಡ್ರೈಫ್ರೂಟ್ ಡಬ್ಬಗಳನ್ನ ಸೇರುತ್ತೆ. ನಮಗುಳಿಯೋದು ಸಾರಿಗೆ, ಪಲ್ಯಕ್ಕೆ, ಚಟ್ನಿಗೆ ತುರಿಯೋ ಹಸಿಕಾಯಿ. ಅದೂ ಹೆಚ್ಚಾಯ್ತು ಅಂದ್ರೆ ಒಪ್ತೀನಿ. ಆದರೆ ಅದನ್ನ ನಮ್ಮ ಅಜ್ಜಿಯರ ಕಾಲದಿಂದಲೂ ಹಾಕ್ತಾನೇ ಇದ್ದೀವಲ್ಲ.

ಈ ಮಾತಿಗೆ ಒಂದು ಒಳ್ಳೇ ಸಾಕ್ಷಿ ಪೆಸಿಫಿಕ್ ಸಾಗರದಲ್ಲಿದೆ. ಟೊಕೆಲಾವ್ ಅಂತ ನ್ಯೂಜಿಲೆಂಡಿಗೆ ಸೇರಿದ ಪುಟ್ಟ ದ್ವೀಪಗಳು. ಅಲ್ಲಿ ಬೆಳೆಯೋದು ತೆಂಗು, ಸಿಗೋದು ಮೀನು, ಮುಗೀತು. ಒಂದು ಕಾಲಕ್ಕೆ ಆ ಜನರ ಊಟದ ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಂಗಿನಿಂದಲೇ ಬರ್ತಿತ್ತು. ನಮ್ಮ ಸಾರು ಅದರ ಮುಂದೆ ಏನೂ ಅಲ್ಲ. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿನೇ ಇತ್ತು, ಆದ್ರೆ ಹೃದ್ರೋಗ ಅಪರೂಪ ಅಂತ 1981ರಲ್ಲಿ ಬಂದ ಸಂಶೋಧನೆ ಹೇಳುತ್ತೆ. 1966ರಲ್ಲಿ ಚಂಡಮಾರುತ ಬಡಿದ ಮೇಲೆ ಸಾಕಷ್ಟು ಜನ ನ್ಯೂಜಿಲೆಂಡಿಗೆ ವಲಸೆ ಹೋದರು. ಅಲ್ಲಿ ತೆಂಗು ತಿನ್ನೋದು ಕಡಿಮೆ ಆಯ್ತು. ಆರೋಗ್ಯ ಸುಧಾರಿಸಬೇಕಿತ್ತು ಅಲ್ವಾ? ದ್ವೀಪದಲ್ಲೇ ಉಳಿದವರಿಗಿಂತ ಇವರಲ್ಲಿ ತೂಕ ಏರಿತು, ಬಿಪಿ ಏರಿತು, ಶುಗರ್ ಜಾಸ್ತಿ ಆಯ್ತು. ತೆಂಗು ಬಿಟ್ಟಿದ್ದರು, ಜೊತೆಗೆ ದೋಣಿ ನಡೆಸೋದು, ಮರ ಹತ್ತೋದು, ನಡೆಯೋದನ್ನೂ ಬಿಟ್ಟಿದ್ದರು. ಸಕ್ಕರೆ, ಮೈದಾ ಹಿಡಿದಿದ್ದರು. ತುರುವೇಕೆರೆಯಿಂದ ಬಂದು ಬೆಂಗಳೂರಿನ ಕುರ್ಚಿಯಲ್ಲಿ ಕೂತಿರೋ ನನ್ನಂಥವನು ಇದನ್ನ ಓದಿದಾಗ ಬೇರೆ ದೇಶದ ಕಥೆ ಅಂತ ಅನ್ನಿಸಲಿಲ್ಲ.

ತೊಂಬತ್ತು ವರ್ಷ ಬದುಕಿದ ತಾತಂದಿರ ವಾದಕ್ಕೂ ಒಂದು ಮಾತು. ವಾದದಲ್ಲಿ ಬರೋದು ಬದುಕಿ ಉಳಿದ ತಾತಂದಿರು ಮಾತ್ರ, ಐವತ್ತಕ್ಕೇ ಹೋದ ತಾತಂದಿರ ಹೆಸರನ್ನ ಯಾರೂ ಎತ್ತಲ್ಲ. ಅದಿರಲಿ, ಆ ತಾತ ಕಾಯಿ ತಿಂದು ಬದುಕಿದರು ಅಂತ ಹೇಳೋ ಮೊಮ್ಮಕ್ಕಳು, ಆ ಕಾಯಿ ತಿನ್ನೋಕೆ ಮುಂಚೆ ಅವರು ಏನು ಮಾಡಿರ್ತಿದ್ದರು ಅನ್ನೋದನ್ನ ಹೇಳೋದೇ ಇಲ್ಲ.

ಏನು ಮಾಡ್ತಿದ್ದರು? ಕತ್ತಲಲ್ಲೇ ಎದ್ದು ಕಪಿಲೆ ಹೊಡೀತಿದ್ದರು, ಆಮೇಲಿನವರು ಪಂಪ್‌ಸೆಟ್ ಬಂದ ಮೇಲೂ ಗುದ್ದಲಿ ಹಿಡಿದು ಒಂದೊಂದು ಮರದ ಪಾತಿಗೂ ನೀರು ತಿರುಗಿಸ್ತಾ ಇದ್ದರು. ಹೊಲದಲ್ಲಿ ರಾಗಿ, ಹುರುಳಿ, ಹೆಸರು. ಉಳೋದು, ಕುಂಟೆ ಹೊಡೆಯೋದು, ಕುಯ್ಯೋದು, ಕಣ ಮಾಡೋದು. ಮನೆಯಲ್ಲಿ ಹೆಂಗಸರಿಗೆ ಬೀಸೋಕಲ್ಲು, ಒರಳುಕಲ್ಲು, ಬಾವಿ ನೀರು. ಸಂತೆಗೆ ಹೋದರೆ ನಡಿಗೆ, ನೆಂಟರ ಊರಿಗೆ ಹೋದರೂ ನಡಿಗೆ. ಉಂಡೆ ಕೊಬ್ಬರಿ ಮಾಡೋದಂತೂ ಗೊತ್ತಲ್ಲ. ಕಾಯಿಯನ್ನ ಕುಕ್ಕೆಯಲ್ಲಿ ಹೊತ್ತು ಏಣಿ ಹತ್ತಿ ಅಟ್ಟಕ್ಕೆ ಹಾಕಬೇಕು. ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. ಆಮೇಲೆ ಇಳಿಸಬೇಕು, ಸುಲೀಬೇಕು, ಚಿಪ್ಪು ಒಡೀಬೇಕು, ಚೀಲ ತುಂಬಬೇಕು. ಮೈಯಲ್ಲಿರೋ ಒಂದು ಸ್ನಾಯುವಿಗೂ ರಜಾ ಇಲ್ಲ.

ಈಗ? ಡ್ರಿಪ್ಪಿದೆ. ಬೋರ್‌ವೆಲ್ಲಿಗೆ ಆಟೋ ಸ್ಟಾರ್ಟರ್ ಇದೆ, ಮೊಬೈಲಿಂದಲೇ ಪಂಪ್ ಆನ್ ಆಗುತ್ತೆ. ಆ ಹಳೇ ರಾಗಿ ಹೊಲಕ್ಕೂ ತೆಂಗಿನ ಸಸಿ ಇಟ್ಟಾಗಿದೆ. ಬುಡ ಊರಿಕೊಂಡ ತೆಂಗಿನ ತೋಟ ಅಂದ್ರೆ ನಮ್ಮಲ್ಲೇ ತಮಾಷೆಗೆ ಹೇಳೋ ಹಾಗೆ ಸೋಮಾರಿ ಬೆಳೆ. ಮರದ್ದು ಮರ ನೋಡ್ಕೊಳ್ಳುತ್ತೆ. ಕೆಡವೋರು ಬರ್ತಾರೆ, ಸುಲಿಯೋರು ಬರ್ತಾರೆ, ವ್ಯಾಪಾರಿ ಲಾರಿ ತರ್ತಾನೆ. ಯಜಮಾನರು ಕುರ್ಚಿ ಹಾಕಿಕೊಂಡು ಲೆಕ್ಕ ಬರೀತಾರೆ. ತೋಟಕ್ಕೂ ಬೈಕಲ್ಲೇ ಹೋಗಿ, ಬೈಕಿಂದ ಇಳಿಯದೆ ಒಂದು ಸುತ್ತು ನೋಡಿ ಬರೋರನ್ನ ನಾನೇ ನೋಡಿದೀನಿ.

ಇದನ್ನ ದೂರು ಅಂತ ತಿಳೀಬೇಡಿ. ಬೀಸೋಕಲ್ಲು ಹೋಗಿದ್ದು ಒಳ್ಳೇದೇ ಆಯ್ತು, ಅದು ವಾಪಸ್ ಬರಲಿ ಅನ್ನೋರು ಒಂದು ಸೇರು ರಾಗಿ ಬೀಸಿ ತೋರಿಸಲಿ. ಹಳೇ ಕಾಲ ಚಿನ್ನ ಅಂತ ಕೀಬೋರ್ಡ್ ಕುಟ್ಟೋದು ನನಗಾಗಲ್ಲ. ನಾನು ಹೇಳೋದು ಇಷ್ಟೇ: ಕೆಲಸ ಹೋಯ್ತು, ಊಟದ ಅಳತೆ ಮಾತ್ರ ಹಾಗೇ ಉಳೀತು. ಎರಡು ಮುದ್ದೆ ಉಣ್ಣೋದು ಎರಡು ಎಕರೆ ಉತ್ತವನ ಲೆಕ್ಕ. ಈಗ ಅದೇ ಎರಡು ಮುದ್ದೆ, ಅದರ ಮೇಲೆ ಅನ್ನ, ಸಂಜೆಗೆ ಬೇಕರಿ.

ಕಾಯಿ ಸುಲಿಯೋ ಕೂಲಿಯವರಿಗೆ ಹೋಗಿ "ವಾಕಿಂಗ್ ಮಾಡಿ" ಅನ್ನೋದು ಮಾತ್ರ ಅಹಂಕಾರ. ದಿನಕ್ಕೆ ಸಾವಿರ ಕಾಯಿ ಸುಲಿಯೋ ತೋಳಿಗೆ ಜಿಮ್ ಪಾಠ ಬೇಡ. ಅವರ ಹೃದಯಕ್ಕಿರೋ ಅಪಾಯ ಬೇರೆ: ಬೀಡಿ, ಸಾರಾಯಿ, ಒಂದು ಸಲವೂ ಅಳತೆ ಮಾಡಿಸದ ಬಿಪಿ. ಒಂದೇ ತೋಟದಲ್ಲಿ ಕುರ್ಚಿ ಮೇಲೆ ಕೂತವರಿಗೂ ಕೆಳಗೆ ಸುಲಿಯೋರಿಗೂ ಒಂದೇ ಚೀಟಿ ಬರೆದುಕೊಟ್ಟರೆ ಆಗಲ್ಲ. ಈ ಲೇಖನ ಕುರ್ಚಿಯವರಿಗೆ.

ಕುರ್ಚಿ ಅಂದ ಕೂಡಲೇ ಜೆರೆಮಿ ಮಾರಿಸ್ ಅವರ ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟ. 1950ರ ಸುಮಾರಿಗೆ ಹೃದಯಾಘಾತ ಯಾಕೆ ಹೆಚ್ಚಾಗ್ತಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈ ಪುಣ್ಯಾತ್ಮ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರುಗಳ ಲೆಕ್ಕ ಹಿಡಿದು ಕೂತರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಮ್ಮಿ ಒಂದೇ ಥರದ ಮನೆ, ಒಂದೇ ಥರದ ಊಟ. ವ್ಯತ್ಯಾಸ ಒಂದೇ: ಡ್ರೈವರ್ ಇಡೀ ದಿನ ಕೂತಿರ್ತಾನೆ, ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳೀತಾನೆ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತೆ, ಅದರಿಂದ ಸಾಯೋರೂ ಕಡಿಮೆ. ಯಾರೂ ಸುಲಭವಾಗಿ ನಂಬಲಿಲ್ಲ. ಅವರು ಅಂಚೆ ಇಲಾಖೆಯವರ ಲೆಕ್ಕವನ್ನೂ ನೋಡಿದ್ದರು. ಅಲ್ಲೂ ಅದೇ ಕಥೆ, ನಡೆದು ಸೈಕಲ್ ತುಳಿದು ಕಾಗದ ಹಂಚೋ ಪೋಸ್ಟ್‌ಮ್ಯಾನಿಗಿಂತ ಕೂತು ಕೆಲಸ ಮಾಡೋ ಗುಮಾಸ್ತನಿಗೇ ಹೃದ್ರೋಗ ಜಾಸ್ತಿ.

ಇನ್ನೊಂದು ಮಜಾ ಇದೆ. ಡ್ರೈವರುಗಳು ದಪ್ಪ ಇರ್ತಾರೆ, ಅದಕ್ಕೇ ಬಂತು ಅಂತ ಯಾರೋ ಅಂದರಂತೆ. ಮಾರಿಸ್ ಬಸ್ ಕಂಪನಿಯಿಂದ ಯೂನಿಫಾರಂ ಪ್ಯಾಂಟಿನ ಸೊಂಟದ ಅಳತೆಗಳನ್ನೇ ತರಿಸಿದರು! ಹೌದು, ಡ್ರೈವರ್ ಪ್ಯಾಂಟು ದೊಡ್ಡದೇ ಇತ್ತು. ಆದರೆ ಸಣ್ಣ ಸೊಂಟದವರನ್ನ ಸಣ್ಣ ಸೊಂಟದವರ ಜೊತೆ, ದೊಡ್ಡವರನ್ನ ದೊಡ್ಡವರ ಜೊತೆ ಇಟ್ಟು ನೋಡಿದಾಗಲೂ ಕಂಡಕ್ಟರೇ ಮೇಲು. ಅಂದ್ರೆ ತೂಕ ಇಳೀಲಿ ಬಿಡಲಿ, ಓಡಾಟದಿಂದ ಹೃದಯಕ್ಕೆ ಸಿಗೋ ಲಾಭ ಬೇರೆಯೇ ಇದೆ. ಈ ಮಾರಿಸ್ ತಮ್ಮ ಮಾತನ್ನ ತಾವೇ ಪಾಲಿಸಿ ನಡೆದು, ಈಜಿ, 2009ರಲ್ಲಿ ತೀರಿಕೊಂಡಾಗ ತೊಂಬತ್ತೊಂಬತ್ತು ವರ್ಷ. (ಮತ್ತೆ ತಾತನ ವಾದಕ್ಕೇ ಬಂದೆ ಅಂತೀರಾ :-) ಇರಲಿ ಬಿಡಿ.)

ಈ ಎರಡನ್ನೂ, ತೂಕವನ್ನೂ ಓಡಾಟವನ್ನೂ, ನಾವು ಕಲಸಿ ಮುದ್ದೆ ಮಾಡಿಬಿಟ್ಟಿದ್ದೀವಿ. ಒಂದು ತಿಂಗಳು ವಾಕಿಂಗ್ ಹೋಗಿ, ತೂಕ ಅರ್ಧ ಕೇಜಿನೂ ಇಳೀದೆ, "ಇದೆಲ್ಲ ವೇಸ್ಟು" ಅಂತ ಬಿಟ್ಟವರು ನಿಮ್ಮಲ್ಲೂ ಇರ್ತಾರೆ. ಲೆಕ್ಕ ಹಾಕಿ ನೋಡಿ. ಎಪ್ಪತ್ತು ಕೇಜಿ ಮನುಷ್ಯ 5 ಕಿಲೋಮೀಟರ್ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು. 100 ಗ್ರಾಂ ಒಣಕೊಬ್ಬರಿಯಲ್ಲಿ ಸುಮಾರು 660 ಕ್ಯಾಲೊರಿ. ಅಂದ್ರೆ ಒಂದು ಗಂಟೆ ನಡೆದಿದ್ದನ್ನ ನಲವತ್ತು ಗ್ರಾಂ ಕೊಬ್ಬರಿ ಚೂರು, ಅದೂ ಬೆಲ್ಲ ಇಲ್ಲದೆ, ಎರಡು ನಿಮಿಷದಲ್ಲಿ ಸರಿದೂಗಿಸುತ್ತೆ. ಟೀವಿ ನೋಡ್ತಾ ನೋಡ್ತಾ ತಿಂದ್ರೆ ತಿಂದಿದ್ದೇ ಗೊತ್ತಾಗಲ್ಲ. ಆದ್ದರಿಂದ ತೂಕ ಇಳೀಬೇಕು ಅಂದ್ರೆ ತಟ್ಟೆಯಲ್ಲಿ ಕಡಿಮೆ ಆಗಬೇಕು, ಬೇರೆ ದಾರಿ ಇಲ್ಲ. ನಡಿಗೆ ಇಳಿದ ತೂಕ ಮತ್ತೆ ಏರದ ಹಾಗೆ ಹಿಡಿಯುತ್ತೆ, ಬಿಪಿ ತಗ್ಗಿಸುತ್ತೆ, ಶುಗರ್ ಹತೋಟಿಗೆ ತರುತ್ತೆ. ತೂಕದ ಮಿಷನ್ ಮುಳ್ಳು ಅಲ್ಲಾಡದೇ ಇದ್ದರೂ ಒಳಗೆ ಕೆಲಸ ನಡೀತಾ ಇರುತ್ತೆ. ತೂಕ ಇಳಿಸೋ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ, ಬೇಕಾದವರಿಗೆ ಡಾಕ್ಟರು ಕೊಡಲಿ. ಅದನ್ನ ತಗೊಂಡವರೂ ನಡೀಲೇಬೇಕು.

ಇನ್ನು ಅಳತೆ. "ನಾನೇನು ದಪ್ಪ ಇಲ್ವಲ್ಲ" ಅನ್ನೋದು ನಮ್ಮವರ ದೊಡ್ಡ ಧೈರ್ಯ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಗುಡಾಣ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಫೋಟೋ ಹಾಕಿದ್ದರು, ತಾವೂ ತಮ್ಮ ಬ್ರಿಟಿಷ್ ಗೆಳೆಯ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತಿರೋದು. ಇಬ್ಬರದ್ದೂ ಒಂದೇ ಬಿಎಂಐ. ಆದರೆ ಮೈಯಲ್ಲಿರೋ ಕೊಬ್ಬು ಇಂಡಿಯನ್ನಿಗೆ ಹೆಚ್ಚುಕಮ್ಮಿ ಎರಡರಷ್ಟು! ಅದಕ್ಕೇ ನಮಗೆ ಬೇರೆ ಅಳತೆ: ಬಿಎಂಐ 23 ದಾಟಿದರೆ ಎಚ್ಚರ, ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆ ಪ್ರಕಾರ ಬರೀ ತೂಕ ನೋಡಿದ್ರೆ ದೇಶದಲ್ಲಿ ನೂರಕ್ಕೆ 28 ಜನ ಬೊಜ್ಜಿನವರು, ಹೊಟ್ಟೆ ಅಳೆದು ನೋಡಿದರೆ ನೂರಕ್ಕೆ ಮೂವತ್ತೊಂಬತ್ತು. ಆ ನಡುವಿನ ಹನ್ನೊಂದು ಜನ ಇದ್ದಾರಲ್ಲ, ಅವರೇ "ನಾನೇನು ದಪ್ಪ ಇಲ್ವಲ್ಲ" ಪಾರ್ಟಿ.

ಲಂಡನ್ನಿನವರಿಗೆ ಪ್ಯಾಂಟು ಇದ್ದ ಹಾಗೆ ನಮಗೆ ಉಡಿದಾರ ಇತ್ತು, ಯೋಚಿಸಿದೀರಾ? ದುಡ್ಡಿಲ್ಲದ ಟೇಪು ಅದು. ಬಿಗಿ ಆಯ್ತು ಅಂದ್ರೆ ಏನೋ ಆಗಿದೆ ಅಂತ ಅರ್ಥ. ನಾವೇನು ಮಾಡ್ತೀವಿ? ಬಿಚ್ಚಿ ಉದ್ದದ್ದು ಕಟ್ಟಿಕೊಳ್ತೀವಿ :-). ಒಂದು ತಾಂತ್ರಿಕ ತೊಂದರೆ ಏನಂದ್ರೆ, ಹೊಟ್ಟೆ ಬೆಳೆದಂತೆ ಉಡಿದಾರ ಕೆಳಕ್ಕೆ ಜಾರಿ ಹೊಟ್ಟೆ ಅದರ ಮೇಲೆ ಜೋಲುತ್ತೆ, ಆಗ ಅಳತೆ ಸುಳ್ಳಾಗುತ್ತೆ. ಸರಿಯಾದ ಜಾಗ ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯ, ಉಸಿರು ಬಿಟ್ಟಾಗ. ಹೊಟ್ಟೆ ಒಳಗೆ ಎಳ್ಕೊಂಡು ಅಳೆಯೋ ಹಾಗಿಲ್ಲ!

ನಾನು ನಿಜವಾಗಿ ಬರೆಯೋಕೆ ಕೂತಿದ್ದು ಇವಕ್ಕಿಂತ ಸಣ್ಣ ಅನ್ನಿಸೋ ಒಂದು ವಿಷಯಕ್ಕೆ. ನಮ್ಮೂರಲ್ಲಿ ಕೆಲಸವಿಲ್ಲದೆ ನಡೆಯೋಕೆ ಮರ್ಯಾದೆ ಇಲ್ಲ.

ಬೆಂಗಳೂರಿನ ಪಾರ್ಕಲ್ಲಿ ಬೆಳಿಗ್ಗೆ ಐದೂವರೆಗೆ ಜಾಗ ಸಿಗಲ್ಲ. ಊರಲ್ಲಿ ಅದೇ ಹೊತ್ತಿಗೆ ಶೂ ಹಾಕಿಕೊಂಡು ಕೆರೆ ಏರಿ ಕಡೆ ಹೊರಡಿ ನೋಡೋಣ. ಎದುರಿಗೆ ಬಂದ ಮೊದಲನೆಯವರು ಕೇಳ್ತಾರೆ: "ಯಾಕಪ್ಪಾ, ಶುಗರ್ ಬಂತಾ?" ಎರಡನೆಯವರು ಅದನ್ನ ಪ್ರಶ್ನೆ ಮಾಡದೇ ಊರಿಗೆಲ್ಲ ಹಂಚ್ತಾರೆ. ಮದುವೆಗಿರೋ ಹುಡುಗ ಆದ್ರೆ ಸಂಬಂಧವೇ ತಪ್ಪಿ ಹೋಗಬಹುದು, "ಈ ವಯಸ್ಸಿಗೇ ಏನೋ ಐತಂತೆ" ಅಂತ. ವಾಕಿಂಗ್ ಅನ್ನೋದು ಡಾಕ್ಟರು ಮಾತ್ರೆ ಜೊತೆ ಬರೆದುಕೊಡೋ ವಸ್ತು ಆಗಿಬಿಟ್ಟಿದೆ. ಕಾಯಿಲೆ ಬಂದ ಮೇಲೆ ನಡೆದರೆ ಪಥ್ಯ, ಬರದೇ ಇರೋಕೆ ನಡೆದರೆ ಹುಚ್ಚು.

ಸ್ವಲ್ಪ ತೂಕ ಇಳಿಸಿಕೊಂಡು ಊರಿಗೆ ಹೋಗಿ ನೋಡಿ. "ಅಯ್ಯೋ ಏನೋ ಇಷ್ಟೊಂದು ಸೊರಗೋಗಿದ್ದೀಯ, ಬೆಂಗಳೂರಲ್ಲಿ ಹೊಟ್ಟೆಗೆ ಹಾಕಲ್ವೇನೋ" ಅಂತ ಪ್ರೀತಿಯಿಂದಲೇ ಕಣ್ಣಲ್ಲಿ ನೀರು ತಗೀತಾರೆ. ಅದೇ ಹೊಟ್ಟೆ ಬಂದಿದ್ದರೆ "ಮೈ ಕೈ ತುಂಬಿಕೊಂಡಿದಾನೆ, ಚೆನ್ನಾಗವ್ನೆ" ಅಂತ ಮೆಚ್ಚುಗೆ. ಅವರ ತಪ್ಪಲ್ಲ ಇದು. ಬರಗಾಲ ಕಂಡ ಸೀಮೆಯಲ್ಲಿ ಮೈಮೇಲೆ ಮಾಂಸ ಇತ್ತು ಅಂದ್ರೆ ಮನೆಯಲ್ಲಿ ಕಾಳಿತ್ತು ಅಂತ ಅರ್ಥ. ಬೆವರು ಸುರಿಸೋನು ಬಡವ, ನೆರಳಲ್ಲಿ ಕೂತೋನು ಯಜಮಾನ. ಮಗ ಬಿಸಿಲಲ್ಲಿ ಬೇಯಬಾರದು ಅಂತಾನೇ ಅಲ್ವಾ ನಮ್ಮನ್ನೆಲ್ಲ ಇಂಜಿನಿಯರಿಂಗ್ ಓದಿಸಿದ್ದು? ಓದಿ ನಾವೂ ಅವರ ಆಸೆ ಪೂರೈಸಿದ್ದೀವಿ, ದಿನಕ್ಕೆ ಒಂಬತ್ತು ಗಂಟೆ ಕದಲದೇ ಕೂತು. ನಮ್ಮ ಸ್ಟ್ಯಾಂಡ್-ಅಪ್ ಮೀಟಿಂಗು ಕೂಡ ಕೂತೇ ನಡೆಯುತ್ತೆ.

ಹೆಂಗಸರ ಕಥೆ ಇನ್ನೂ ಕಷ್ಟ. "ಮನೆಗೆಲಸ ಮಾಡ್ತಾರಲ್ಲ, ಅದೇ ವ್ಯಾಯಾಮ" ಅಂತ ಗಂಡಸರು ತೀರ್ಪು ಕೊಟ್ಟು ಮುಗಿಸ್ತಾರೆ. ಮಿಕ್ಸಿ, ಗ್ರೈಂಡರ್, ನಲ್ಲಿ ಬಂದ ಮೇಲೆ ಉಳಿದಿರೋ ಮನೆಗೆಲಸ ಸುಸ್ತು ಮಾಡುತ್ತೆ, ನಿಜ. ಆದ್ರೆ ಏದುಸಿರು ಬರಿಸಲ್ಲ, ಹೃದಯಕ್ಕೆ ಬೇಕಿರೋದು ಅದು. 2024ರ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ವರದಿ ಪ್ರಕಾರ ನಮ್ಮ ದೇಶದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ಗಂಡಸರು ನೂರಕ್ಕೆ 42, ಹೆಂಗಸರು 57. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಮೂವತ್ತು ಜನರ ತೂಕ ಜಾಸ್ತಿ, ಗಂಡಸರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕೆ ನಾಲ್ಕೈದು ವರ್ಷ ಮುಂಚಿನ ಸಮೀಕ್ಷೆಯಲ್ಲಿ ಇಬ್ಬರದ್ದೂ ಇಪ್ಪತ್ಮೂರರ ಆಸುಪಾಸಿತ್ತು. ಗಂಡಸರಿಗೆ ಕಷ್ಟಪಟ್ಟಾದರೂ ಹೈವೇ ಪಕ್ಕ, ಕಾಲೇಜು ಮೈದಾನದಲ್ಲಿ ನಡೆಯೋ ಜಾಗ ಇದೆ. ನಲವತ್ತೈದು ವರ್ಷದ ಹೆಂಗಸು ಸೀರೆ ಉಟ್ಟುಕೊಂಡು ಒಬ್ಬಳೇ ಬಿ.ಎಚ್. ರಸ್ತೆಯಲ್ಲಿ ಬೀಸಾಗಿ ನಡೆದರೆ "ಎಲ್ಲಿಗೆ?" ಅನ್ನೋ ಪ್ರಶ್ನೆಗೆ ಉತ್ತರ ಇರಲೇಬೇಕು. "ಎಲ್ಲಿಗೂ ಇಲ್ಲ" ಅನ್ನೋದನ್ನ ನಮ್ಮೂರು ಉತ್ತರ ಅಂತ ಒಪ್ಪಲ್ಲ.

ಹಾಗಿದ್ರೆ ಉತ್ತರ ಕೊಡೋಣ. ನಮ್ಮ ಹತ್ತಿರ ಬೆಂಗಳೂರಿನವರಿಗೆ ಇಲ್ಲದ ಒಂದು ಆಸ್ತಿ ಇದೆ, ತೋಟ. ಇಂಜಿನಿಯರ್ ಲೆಕ್ಕ ಕೇಳಿ. ಒಂದು ಎಕರೆ ಅಂದ್ರೆ 4047 ಚದರ ಮೀಟರ್. ಚೌಕಾಕಾರ ಅಂದ್ಕೊಂಡ್ರೆ ಒಂದು ಬದಿ 63 ಮೀಟರ್ ಮೇಲೆ, ಸುತ್ತಳತೆ ಸುಮಾರು 254 ಮೀಟರ್. ನಾಲ್ಕು ಸುತ್ತು ಹಾಕಿದ್ರೆ ಒಂದು ಕಿಲೋಮೀಟರ್. ನೆರಳಿದೆ, ಧೂಳಿಲ್ಲ, ಲಾರಿ ಇಲ್ಲ, ಯಾರೂ ನೋಡಲ್ಲ. ನೋಡಿ ಕೇಳಿದ್ರೂ "ಬಿದ್ದ ಕಾಯಿ ಆರಿಸ್ತಿದೀನಿ" ಅಂದರಾಯ್ತು, ಮರ್ಯಾದೆಗೆ ಭಂಗ ಇಲ್ಲ :-). ಕೈಯಲ್ಲಿ ನಾಲ್ಕು ಕಾಯಿ ಹೊತ್ತು ತಂದರೆ ತೋಳಿನ ವ್ಯಾಯಾಮವೂ ಆಯ್ತು. ಗರಿ ಬೀಳೋ ಗಾಳಿ ದಿನ, ಹಾವು ಓಡಾಡೋ ಕತ್ತಲ ಹೊತ್ತು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ 150 ನಿಮಿಷ, ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು ಅನ್ನೋ ವೇಗದಲ್ಲಿ. ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ. ಹತ್ತು ಸಾವಿರ ಹೆಜ್ಜೆ ಅಂತ ಮೊಬೈಲು ಹೆದರಿಸಿದ್ರೆ ತಲೆ ಕೆಡಿಸ್ಕೋಬೇಡಿ, ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸೋ ಯಂತ್ರದ ಹೆಸರಿನಿಂದ. 2025ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಏಳು ಸಾವಿರಕ್ಕೇ ಬಹುಪಾಲು ಲಾಭ ಸಿಗುತ್ತೆ ಅನ್ನುತ್ತೆ.

ಇಷ್ಟು ಹೇಳಿದ ಮೇಲೂ ಬರೋ ಪ್ರಶ್ನೆ ಗೊತ್ತು. "ಅಪ್ಪು ಅಷ್ಟು ಫಿಟ್ ಆಗಿದ್ರು, ಅವರಿಗೇ ಹಂಗಾಯ್ತಲ್ಲ?" 2021ರ ಅಕ್ಟೋಬರ್ 29. ಪುನೀತ್ ಅವರಿಗೆ ನಲವತ್ತಾರು ವರ್ಷ. ಆ ದಿನ ಅಳದ ಮನೆ ನಮ್ಮ ಕಡೆ ಇರಲಿಲ್ಲ, ನಾನೂ ಹೊರತಲ್ಲ. ಆದರೆ ಆವತ್ತಿಂದ ವ್ಯಾಯಾಮ ಮಾಡದೇ ಇರೋಕೆ ಅವರ ಹೆಸರು ಹೇಳೋದಿದೆಯಲ್ಲ, ಅದು ನನಗೆ ಸಹಿಸೋಕಾಗಲ್ಲ. ಸೀಟ್ ಬೆಲ್ಟ್ ಹಾಕಿದವರೂ ಅಪಘಾತದಲ್ಲಿ ಸಾಯ್ತಾರೆ, ಹಾಗಂತ ಬಿಚ್ಚಿ ಎಸೀತೀವಾ? ವ್ಯಾಯಾಮದಿಂದ ಅಪಾಯ ಕಡಿಮೆ ಆಗುತ್ತೆ, ಸೊನ್ನೆ ಆಗಲ್ಲ. 1993ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು: ಜೋರಾದ ಶ್ರಮದ ಹೊತ್ತಿನಲ್ಲಿ ಹೃದಯಾಘಾತದ ಅಪಾಯ, ಮಾಮೂಲಿ ಕೂತಿರೋ ಹೊತ್ತಿಗಿಂತ ಎಷ್ಟು ಪಟ್ಟು ಏರುತ್ತೆ ಅಂತ. ಅಪರೂಪಕ್ಕೆ ಮೈ ಬಗ್ಗಿಸೋರಿಗೆ ನೂರು ಪಟ್ಟಿಗೂ ಹೆಚ್ಚು! ವಾರಕ್ಕೆ ಐದು ದಿನ ವ್ಯಾಯಾಮ ಮಾಡೋರಿಗೆ ಎರಡೂವರೆ ಪಟ್ಟಿನಷ್ಟು. ಅಂದ್ರೆ ವರ್ಷವಿಡೀ ಕುರ್ಚಿ, ಆಮೇಲೆ ಜಾತ್ರೆ ದಿನ ತೇರು ಎಳೆಯೋದು, ಇದು ಕೆಟ್ಟ ಕಾಂಬಿನೇಷನ್. ಆದ್ದರಿಂದ ನಲವತ್ತು ದಾಟಿ, ಈವರೆಗೆ ಕದಲದೇ ಇದ್ದವರು ಮೊದಲು ಬಿಪಿ, ಶುಗರ್ ನೋಡಿಸಿಕೊಂಡು, ಮೆಲ್ಲಗೆ ನಡಿಗೆಯಿಂದ ಶುರು ಮಾಡಿ. ಜನವರಿ ಒಂದನೇ ತಾರೀಕು ಜಿಮ್ ಸೇರಿ ಅವತ್ತೇ ನೂರು ಕೇಜಿ ಎತ್ತೋದು ಬೇಡ. ಬೀಡಿ, ಸಿಗರೇಟು ಇಟ್ಟುಕೊಂಡು ನಡೆದರೆ ಅರ್ಧ ಲಾಭ ಅಲ್ಲೇ ಹೊಗೆ.

ಅಪ್ಪು ಹೆಸರಲ್ಲಿ ಆಗಿರೋ ಒಂದು ಒಳ್ಳೆ ಕೆಲಸ ಗೊತ್ತಿರಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವು ಅಂತ ಹೋದವರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಕೇಳಿ, ರಕ್ತದ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ನನ್ನ ಪುಕ್ಕಟೆ ಕೊಡ್ತಾರೆ. ತಿಪಟೂರಿಂದ ಬೆಂಗಳೂರು ಜಯದೇವಕ್ಕೆ ನೂರನಲವತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕಾಯೋ ಪೈಕಿ ನಾವು. ಎದೆ ಬಿಗಿದು ಬೆವರು ಬಂತು ಅಂದ್ರೆ ಸೋಡಾ ಅಂಗಡಿ ಬಿಟ್ಟು ಸೀದಾ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಉಳಿದಿದ್ದನ್ನ ಅವರು ನೋಡ್ತಾರೆ.

ಮನೆಮನೆಗೆ ಬಂದು ಮೂವತ್ತು ದಾಟಿದವರ ಬಿಪಿ, ಶುಗರ್ ನೋಡೋ ಗೃಹ ಆರೋಗ್ಯ ಯೋಜನೆಯನ್ನೂ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿ, 2025ರಲ್ಲಿ ಉಳಿದ ಜಿಲ್ಲೆಗಳಿಗೂ ಹರಡಿತು. ಆಶಾ ಕಾರ್ಯಕರ್ತೆಯರು ಬಂದಾಗ "ನಮಗೇನಾಗೈತೆ, ಹೋಗಮ್ಮ" ಅಂತ ಬಾಗಿಲಿಂದಲೇ ಕಳಿಸೋರು ಇದ್ದಾರೆ. ಅದೂ ಅದೇ "ಶುಗರ್ ಬಂತಾ?" ರೋಗ. ನೋಡಿಸಿಕೊಂಡ್ರೆ ಇದೆ ಅಂತ ಜನ ಅಂದ್ಕೊಳ್ತಾರೆ ಅನ್ನೋ ಭಯ.

ಕೊಬ್ಬರಿಗೆ ಬೆಲೆ ಬಿದ್ದಾಗ ತಿಪಟೂರಿನ ಬೀದಿಗಿಳಿದು ತಿಂಗಳುಗಟ್ಟಲೆ ಧರಣಿ ಕೂತ ಜನ ನಾವು, ಒಗ್ಗಟ್ಟಿಗೇನೂ ಕೊರತೆ ಇಲ್ಲ. ಅದೇ ಜನ ಪಟ್ಟಣ ಪಂಚಾಯ್ತಿ ಮುಂದೆ ನಿಂತು, ಹೆಂಗಸರು ಬೆಳಿಗ್ಗೆ ಸಂಜೆ ಭಯವಿಲ್ಲದೆ ನಡೆಯೋಕೆ ಕೆರೆ ಏರಿಗೆ ನಾಲ್ಕು ದೀಪ ಹಾಕಿಸಿ, ಶಾಲೆ ಮೈದಾನದ ಗೇಟಿನ ಬೀಗ ತೆಗೆಸಿ ಅಂತ ಕೇಳಿದ್ರೆ ಆಗದ ಕೆಲಸ ಏನಲ್ಲ. ನಿಮ್ಮ ನಿಮ್ಮ ಊರಲ್ಲಿ ಹೆಂಗಸರು ಎಲ್ಲಿ ನಡೀತಾರೆ? ಯಾರಾದ್ರೂ ಇಂಥದ್ದು ಕೇಳಿ ಮಾಡಿಸಿಕೊಂಡಿದ್ರೆ ಹೇಗೆ ಮಾಡಿಸಿದ್ರಿ ಅಂತ ಕೆಳಗೆ ಬರೀರಿ. ನಮ್ಮೂರಿಗೆ ಬೇಕಾಗಿದೆ.